ಹೆಸರು ಬೀಳುವ ಮೊದಲೇ ಅಂಟಿಸಿದ ಚೀಟಿ

ಮೆಲ್ಬರ್ನ್. ಜುಲೈ 3, 2001, ಮಂಗಳವಾರ. ಬೆಳಿಗ್ಗೆ 6.10

ಮೂರನೇ ಸಲ ಹಾಲು ಕುಡಿಸಿ ಆಯಿತು. ನಿದ್ದೆ ಒಟ್ಟು ಎರಡು ಗಂಟೆ, ಅದೂ ತುಂಡು ತುಂಡು. ಇಲ್ಲಿ ಜುಲೈ ಅಂದರೆ ಚಳಿಗಾಲ, ಹೀಟರ್ ಇದ್ದರೂ ಪಾದ ಮರಗಟ್ಟಿದೆ. ಮಗುವಿಗೆ ಐದು ವಾರ, ಇನ್ನೂ ಹೆಸರಿಟ್ಟಿಲ್ಲ. ನೋಂದಣಿ ಫಾರ್ಮು ಫ್ರಿಜ್ಜಿನ ಬಾಗಿಲ ಮೇಲೆ. ಪಕ್ಕದಲ್ಲೇ ಆಸ್ಪತ್ರೆಯವರು ಕಾಲಿಗೆ ಕಟ್ಟಿದ್ದ ಪಟ್ಟಿ — ‘ನೆರಿಡಾಳ ಮಗು’, ನನ್ನ ಹೆಸರು ಮಾತ್ರ. ಅಷ್ಟೇ.

ನನ್ನ ಗಂಡ ಡೆಕ್ಲನ್ ಟೋಸ್ಟಿಗೆ ವೆಜಿಮೈಟ್ ಅನ್ನುವ ಕಪ್ಪು ಉಪ್ಪುಪ್ಪು ಪೇಸ್ಟು ಸವರುತ್ತ, “ಮುಂದಿನ ಬುಧವಾರ ಮೀಟಿಂಗಲ್ಲಿ ನಿನ್ನ ಐಡಿಯಾನ ಪೆಟ್ರಾ ತೋರಿಸ್ತಾಳಂತೆ ಕಣೇ. ಚುರುಕು ಹುಡುಗಿ,” ಎಂದ.

ಮೂವರದೂ ಒಂದೇ ಆಫೀಸು. ಹೆರಿಗೆ ರಜೆಯಲ್ಲಿ ನಾನು, ನನ್ನ ಕುರ್ಚಿಯಲ್ಲಿ ಪೆಟ್ರಾ. ಮೀಟಿಂಗು ಅಂದರೆ ಊರಲ್ಲಿ ಪರ್ಲ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರೆಲ್ಲ ತಿಂಗಳಿಗೊಮ್ಮೆ ಪಬ್ಬಿನ ಮಹಡಿಯಲ್ಲಿ ಸೇರುವುದು. ಎರಡು ವರ್ಷದಿಂದ ಕೊನೆಯ ಸಾಲಲ್ಲಿ ಕೂತು ಬರುತ್ತಿದ್ದೆ. ಈ ಸಲ ಎದ್ದು ಮಾತಾಡುವವಳಿದ್ದೆ.

“ನನ್ನ ಐಡಿಯಾ ಅಂತ ಹೇಳ್ತಾಳಾ?”

“ಹೇಳದೆ ಏನು? ಬಿಡೇ, ಅಷ್ಟಕ್ಕೆಲ್ಲ ತಲೆ ಕೆಡಿಸ್ಕೋಬೇಡ.”

ಕೆಡಿಸಿಕೊಂಡೆ.

ಜುಲೈ 5, ಗುರುವಾರ. ಮಧ್ಯಾಹ್ನ

ಪೆಟ್ರಾ ಬಂದಿದ್ದಳು. ಒಂದು ಟ್ರೇ ಟ್ಯೂನಾ ಪಾಸ್ತಾ. ತೊಳೆದ ಕೂದಲು. ನನ್ನ ಶರ್ಟಿನ ಮೇಲೆ ಕಕ್ಕಿದ ಹಾಲು.

ಬೆಳಗಿನಿಂದ ಅರಚುತ್ತಿದ್ದ ಮಗು ಅವಳ ಭುಜಕ್ಕೆ ಹೋದದ್ದೇ ಗಪ್‌ಚಿಪ್.

“ಏನು ಮಾಡಿದೆ ನೀನು?” — ನನ್ನ ದನಿ ನನಗೇ ಹುಳಿಯಾಗಿ ಕೇಳಿಸಿತು.

“ಏನಿಲ್ಲ ಮಾರಾಯ್ತಿ. ನಾಲ್ಕು ತಮ್ಮಂದಿರನ್ನ ಎತ್ತಿ ಆಡಿಸಿದೀನಿ.”

ಸ್ಲೈಡುಗಳ ಪ್ರಿಂಟು ಕೊಟ್ಟಳು. ನಾನು ಹೊಟ್ಟೆ ಹೊತ್ತುಕೊಂಡು ಯೋಚಿಸಿದ್ದೇ ಎಲ್ಲ. ಸಬ್‌ರೂಟೀನು ಅಂದರೆ ಪ್ರೋಗ್ರಾಮಿನೊಳಗೆ ಹೆಸರಿಟ್ಟ ಒಂದು ತುಂಡು; ಆ ಹೆಸರಾದ ಮೇಲೆ ಒಂದು ಕೋಲನ್ (:), ಆಮೇಲೆ ಒಂದು ಪದ, ‘ಕಾವಲು’ ಅನ್ನುವ ಹಾಗೆ. ಪರ್ಲ್‌ಗೆ ಗೊತ್ತಿಲ್ಲದ ಪದ, ಚೀಟಿ ಅಂಟಿಸಿದ ಹಾಗೆ. ಅದರ ಅರ್ಥ ನಾವೇ ಕಲಿಸುವುದು. ಆ ಚೀಟಿ ಅಂಟಿಸಿದ ಸಬ್‌ರೂಟೀನು ಓಡಿದಾಗೆಲ್ಲ ದಾಖಲೆಯ ಲಾಗ್ ಫೈಲಿಗೆ ಒಂದು ಸಾಲು ತಾನಾಗೇ ಬೀಳಬೇಕು. ಅಂದರೆ ಭಾಷೆಯೇ ಒಂದು ಪದದಷ್ಟು ಬೆಳೆದ ಹಾಗೆ.

ಮೊದಲ ಸ್ಲೈಡಿನಲ್ಲಿ: ಪೆಟ್ರಾ ಹೋರ್ವಾಟ್. ಒಂದೇ ಹೆಸರು. ಕೇಳಲಿಲ್ಲ. ಪಾಸ್ತಾ ಚೆನ್ನಾಗಿದೆ ಎಂದೆ. ಚೆನ್ನಾಗಿಯೇ ಇತ್ತು, ಅದೊಂದು ಬೇರೆ.

ಜುಲೈ 6, ಶುಕ್ರವಾರ. ಬೆಳಿಗ್ಗೆ 10

ಅವಳ ಮೇಲ್. “ನನ್ನ ಮಷೀನಲ್ಲಿ ಲಾಗ್ ಖಾಲಿ ಬರ್ತಿದೆ. ನೀನು ಓಡಿಸಿ ನೋಡಿದೀನಿ ಅಂದಿದ್ದೆ, ಹಾಗಾಗಿ ನಂದೇ ಏನೋ ಎಡವಟ್ಟು. ಸ್ವಲ್ಪ ನೋಡ್ತೀಯಾ? ಬುಧವಾರ ಎಲ್ಲರ ಮುಂದೆ ಮಾನ ಹೋಗುತ್ತೆ.”

ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವಳು ಕಳಿಸಿದ ಕೋಡ್ ಓದಿದೆ. ತಿಳಿಯಲಿಲ್ಲ. ಹಾಲು ತೆಗೆಯಲು ಫ್ರಿಜ್ಜಿಗೆ ಹೋದೆ. ಆ ಪಟ್ಟಿ ಕಣ್ಣಿಗೆ ಬಿತ್ತು. ನೆರಿಡಾಳ ಮಗು.

ಹೊಳೆಯಿತು! ಪರ್ಲ್ ಚೀಟಿಯನ್ನು ನಮ್ಮ ಕೈಗೆ ಕೊಡುವ ಹೊತ್ತಿಗೆ ಆ ಸಬ್‌ರೂಟೀನಿಗೆ ಇನ್ನೂ ಹೆಸರೇ ಬಿದ್ದಿರುವುದಿಲ್ಲ. ಇವಳ ಕೋಡು ಹೆಸರು ಹಿಡಿದು ಹುಡುಕುತ್ತದೆ, ಸಿಗದೆ ಸುಮ್ಮನಾಗುತ್ತದೆ. ಚೀಟಿಗಳನ್ನು ಕೂಡಿಟ್ಟುಕೊಂಡು ಇಡೀ ಫೈಲು ಓದಿ ಮುಗಿದು, ಹೆಸರು ಬಿದ್ದ ಮೇಲೆ ಅಂಟಿಸಬೇಕು. ನಾಲ್ಕು ಸಾಲಿನ ಕೆಲಸ.

ಚುರುಕು ಹುಡುಗಿಗೆ ಇಷ್ಟೂ ಗೊತ್ತಿಲ್ಲ. ಎಷ್ಟು ವಾರವಾಗಿತ್ತು ಹೀಗೆ ನಕ್ಕು...

ಉತ್ತರ ಬರೆಯಲಿಲ್ಲ. ಮಗು ಇದೆಯಲ್ಲ, ನೆಪಕ್ಕೆ.

ಜುಲೈ 11, ಬುಧವಾರ. ಮಧ್ಯಾಹ್ನ 2

ಐದು ದಿನದಲ್ಲಿ ಅವಳದು ಮೂರು ಮೇಲ್. ಇವತ್ತಿನದು: “ನಿನ್ನ ಕೋಡಿನಲ್ಲಿ ಒಂದಕ್ಷರ ಬದಲಿಸಿಲ್ಲ ಕಣೇ. ಆದರೂ ಯಾಕೆ ಹೀಗೆ?”

ಸುಳ್ಳು, ಅಂದುಕೊಂಡೆ. ನಾನು ಅಂಥ ತಪ್ಪು ಮಾಡುವವಳಲ್ಲ. ಸಾಬೀತು ಮಾಡಲು ಹಳೆಯ ನೋಟ್‌ಬುಕ್ ತೆಗೆದೆ. ಮೇ ತಿಂಗಳ ಪುಟ. ನನ್ನದೇ ಅಕ್ಷರ. ಅದೇ ತಪ್ಪು, ಅದೇ ಜಾಗದಲ್ಲಿ.

ಓಡಿಸಿ ನೋಡಿರಲೇ ಇಲ್ಲ. ಮಾರನೇ ದಿನ ಹೆರಿಗೆ ನೋವು ಶುರುವಾಗಿತ್ತು, ಕೋಡು ಆಫೀಸಿನ ಮಷೀನಲ್ಲೇ ಉಳಿದಿತ್ತು. ಆಮೇಲೆ ಆಸ್ಪತ್ರೆಗೆ ಹೂವು ತಂದಿದ್ದ ಪೆಟ್ರಾಳಿಗೆ “ಓಡುತ್ತೆ, ನೋಡಿದೀನಿ” ಎಂದಿದ್ದೆ. ಅವಳೆದುರು ಕಡಿಮೆ ಕಾಣಬಾರದು, ಅಷ್ಟೇ. ಅವಳು ನಂಬಿದಳು. ಐದು ದಿನದಿಂದ ತನ್ನ ಮಷೀನನ್ನೇ ಬೈದುಕೊಳ್ಳುತ್ತಿದ್ದಾಳೆ.

ಮೀಟಿಂಗು ಆರೂವರೆಗೆ. ಫೋನ್ ಮಾಡಿದೆ.

“ಪೆಟ್ರಾ, ನಾನು ಓಡಿಸಿ ನೋಡಿರಲಿಲ್ಲ. ತಪ್ಪು ನಂದು. ಶುಕ್ರವಾರವೇ ಗೊತ್ತಾಗಿತ್ತು, ಹೇಳಲಿಲ್ಲ.”

ಆ ಕಡೆ ಕೀಬೋರ್ಡಿನ ಸದ್ದು ನಿಂತಿತು.

“ಶುಕ್ರವಾರವೇ?”

“ಹೂಂ.”

“ಕೆಟ್ಟವಳು ಕಣೇ ನೀನು. ಸರಿಮಾಡೋಕೆ ಆಗುತ್ತಾ?”

“ಮಗು ಕೈಯಲ್ಲಿದೆ.”

“ಟ್ಯಾಕ್ಸಿ ಹಿಡಿದು ಬರ್ತೀನಿ. ಮಗು ನಂಗೆ ಕೊಡು, ನೀನು ಟೈಪ್ ಮಾಡು.”

ಸಂಜೆ 4.40

ನಾಲ್ಕಲ್ಲ, ಒಂಬತ್ತು ಸಾಲಾಯಿತು. ಲಾಗ್ ತುಂಬುತ್ತಿದೆ. ಪೆಟ್ರಾ ಬೆನ್ನ ಹಿಂದೆ ಮಗುವನ್ನು ಹೊತ್ತು ಓಡಾಡುತ್ತಿದ್ದಾಳೆ. ಇನ್ನೂ ಸಿಟ್ಟು ಇಳಿದಿಲ್ಲ.

“ಮೊದಲ ಸ್ಲೈಡಿಗೆ ನಿನ್ನ ಹೆಸರು ಹಾಕು. ಮೊನ್ನೆನೇ ಕೇಳಬಾರದಿತ್ತಾ? ನೀನು ಬಾಯಿ ಬಿಟ್ಟಿದ್ದರೆ...”

“ಮೇಲೆ ಹಾಕ್ತೀನಿ. ನಿನ್ನದಕ್ಕಿಂತ ಮೇಲೆ.”

“ಹಾಕ್ಕೊಳೇ, ಹಾಕ್ಕೋ. ಸ್ಟೇಜಿಗೂ ನೀನೇ ಹತ್ತು.”

ಹತ್ತುತ್ತೇನೆ. ಹೇಳಿದೆ. ಶರ್ಟು ಬದಲಿಸಬೇಕು. ಟ್ರ್ಯಾಮ್ ಐದೂಕಾಲಿಗೆ.

ಮಗು ಅಳುತ್ತಿದೆ. ಅವಳ ಭುಜದ ಮೇಲೆಯೇ! ತೂಗಿದಳು, ತಟ್ಟಿದಳು, ಕ್ರೊಯೇಷಿಯದ ಯಾವುದೋ ಜೋಗುಳ ಹೇಳಿದಳು, ನಿಲ್ಲುತ್ತಿಲ್ಲ. “ನೀನೇ ಬೇಕಂತೆ, ತಗೋ,” ಎಂದು ಮಗುವನ್ನು ನನ್ನತ್ತ ಚಾಚುತ್ತಿದ್ದಾಳೆ. ಪಾಪ ಅನ್ನಿಸಬೇಕಿತ್ತು. ಅದಕ್ಕೂ ಮೊದಲು ನನಗೆ ಎಷ್ಟು ಖುಷಿಯಾಯಿತೆಂದರೆ —