ಮಗಳ ಮೂಗು

ಚನ್ನಪಟ್ಟಣ, ೧೨-೮-೨೦೦೬

ಮೂಗಿನ ಗಡ್ಡೆಯ ಸಂಶೋಧನೆ ನಡೆಸುತ್ತಿರುವ ಡಾಕ್ಟರಮ್ಮನವರಿಗೆ, ಗೊಂಬೆ ಕೆಲಸದ ಬುಡೇನ್ ಸಾಬ್ ಮಾಡುವ ಸಲಾಮು.

ನಿಮ್ಮ ಫಾರಂ ತುಂಬಿದ್ದೇನೆ. ಮರದ ಧೂಳು ಕುಡಿದ ವರ್ಷ ಇಪ್ಪತ್ತಾರು. ನನಗೆ ವಾಸನೆ ಹೋಗಿ ಎರಡು ವರ್ಷವಾದರೂ ಕೆಲಸ ಕೆಟ್ಟಿರಲಿಲ್ಲ. ಪಕ್ಕದ ಲೇತಿನಲ್ಲಿರುವ ಮಗಳು ನಾಜಿಮಾಳ ಮೂಗಿನಿಂದಲೇ ಅಂಗಡಿ ನಡೆಯುತ್ತಿತ್ತು. ತಿರುಗುವ ಗೊಂಬೆಗೆ ನಾನು ಒತ್ತಿ ಹಿಡಿದ ಬಣ್ಣದ ಅರಗು ಸೀಯುವ ಮುಂಚೆಯೇ, "ಅಬ್ಬಾ, ಕೈ ತೆಗೀರಿ, ಸೀದೋಯ್ತದೆ" ಎನ್ನುತ್ತಿದ್ದಳು.

ನಿನ್ನೆ ಅರಗು ಸೀದು ಗೊಂಬೆ ಕಪ್ಪಾದರೂ ಅವಳು ತಿರುಗಲಿಲ್ಲ. ಕೇಳಿದರೆ, "ಬರೀ ನೆಗಡಿ, ಬುಡಿ ಅಬ್ಬಾ" ಅಂದಳು. ನಾನೂ ಮೊದಲು ಹಾಗೆಯೇ ಅಂದಿದ್ದೆ.

ಅವಳು ಇನ್ನು ಧೂಳು ಕುಡಿಯದಿರಲೆಂದು ಅವಳ ಲೇತಿನ ಫ್ಯೂಸು ಗುಟ್ಟಾಗಿ ಕಿತ್ತಿಟ್ಟು, ಕರೆಂಟಿನವರನ್ನು ಬೈಯುತ್ತಿದ್ದೇನೆ. ಸೋಮವಾರ ನನ್ನ ತಪಾಸಣೆಗೆ ಜೊತೆಗೆ ಬಾ ಎಂದು ಹೇಳಿ ಅವಳನ್ನು ಕರೆತರುತ್ತೇನೆ. ದಯವಿಟ್ಟು ಮೊದಲು ಅವಳನ್ನು ನೋಡಿ. ನನ್ನ ಮೂಗು ಕಾಯುತ್ತದೆ.

ಇಂತಿ,
ಬುಡೇನ್ ಸಾಬ್