ಶನಿವಾರದ ತಣ್ಣೀರು

ಫಾದರ್ ಅವರಿಗೆ ವಂದನೆಗಳು.

ಭಾನುವಾರ ಪ್ರಸಂಗದಲ್ಲಿ, ಹಾಸಿಗೆ ಹಿಡಿದ ಅತ್ತೆಯನ್ನು ನಾನು ನೋಡಿಕೊಳ್ಳುವುದನ್ನು ಹೇಳಿ, "ಸತ್ಕಾರ್ಯ ಅಂದರೆ ಇದು" ಎಂದಿರಿ. ಕೂತಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಹಿಂದಿನ ದಿನವಷ್ಟೇ ಬೇಕೆಂದೇ ತಣ್ಣೀರಲ್ಲಿ ಅವರ ಮೈ ಒರೆಸಿದ್ದೆ. ಒಲೆಯ ಮೇಲೆ ಬಿಸಿನೀರಿತ್ತು. ನನ್ನ ತಾಯಿಯ ಬಗ್ಗೆ ಅವರು ಎಂದೋ ಆಡಿದ ಮಾತು ಇನ್ನೂ ಎದೆಯಲ್ಲಿ ಚುಚ್ಚುತ್ತದೆ. ಅತ್ತೆ ಗಡಗಡ ನಡುಗುತ್ತಲೇ ನನ್ನ ಕೈ ಹಿಡಿದು, "ಬೆರಳೆಲ್ಲ ಮರಗಟ್ಟಿದೆಯಲ್ಲೇ, ಮೊದಲು ಬೆಚ್ಚಗೆ ಮಾಡ್ಕೋ" ಅಂದರು.

ಇನ್ನು ಮೇಲೆ ಬಿಸಿನೀರಲ್ಲೇ ಒರೆಸುತ್ತೇನೆ. ಅಷ್ಟು ಮಾಡಬಲ್ಲೆ. ಮನಸ್ಸು ಮಾತ್ರ ನನ್ನ ಮಾತು ಕೇಳುತ್ತಿಲ್ಲ.

ಒಂದೇ ಕೋರಿಕೆ. ಬರುವ ಭಾನುವಾರ ಕಾಯಿಲೆಯವರಿಗಾಗಿ ಪ್ರಾರ್ಥಿಸುವಾಗ ಅತ್ತೆಯ ಹೆಸರಿನ ಪಕ್ಕದಲ್ಲಿ ನನ್ನ ಹೆಸರನ್ನೂ ಓದಿ.

ಇಂತಿ,
ನೀವು ಹೊಗಳಿದ ಸೊಸೆ