ಮನೆಮನೆಗೂ ಅದೇ ಲೋಟ

7 ಏಪ್ರಿಲ್ 2003, ಸೋಮವಾರ

ಇವತ್ತೂ ಹೊಳೆನರಸೀಪುರದಿಂದ ಹಾಸನದವರೆಗೆ ಬಸ್ಸಿನಲ್ಲಿ ನಿಂತೇ ಪ್ರಯಾಣ. ಅಲ್ಲಿಂದ ಜೀಪು. ಜೊತೆಗೆ ಪರಮೇಶ್, ಸರ್ವೆಗೆ ನನ್ನ ಜೋಡಿ. ಬಾಯಿಗೆ ಬೀಗವಿಲ್ಲದ ಮನುಷ್ಯ.

ಕಟ್ಟಾಯದಾಚೆ ಗುಡ್ಡದಕೊಪ್ಪಲು. ಊರಿನ ಪಕ್ಕದಲ್ಲೇ ಹೊಸ ಬೈಪಾಸ್ ಬರುತ್ತದಂತೆ. ಅದರಿಂದ ಯಾರ ಮನೆಗೆ ಏಟು, ನೀರು, ಸ್ಕೂಲು, ಆಸ್ಪತ್ರೆಗೆ ಏನು ತೊಂದರೆ — ಕೇಳಿ ಬರೆದುಕೊಳ್ಳಬೇಕು. ಕಾಲೇಜಿನಲ್ಲಿ ಪಾಠ ಹೇಳುವವಳಿಗೆ ರಜೆಯ ಕೆಲಸ.

ಆದರೆ ಇಲ್ಲಿ ಯಾರಿಗೂ ಯಾವ ತೊಂದರೆಯೂ ಇಲ್ಲ. ಕುರ್ಚಿ ಹಾಕಿದರು. ಒಳಗೆ ತಾಮ್ರದ ಕೊಡ ತುಂಬ ನೀರು. ಸ್ಟೀಲ್ ಲೋಟದಲ್ಲಿ ಕಾಫಿ. "ಎಲ್ಲಾ ಚೆಂದಾಗೈತೆ ಕಣವ್ವ, ಕುಡೀರಿ." ಇಷ್ಟು ಸುಖದ ಊರು ನಾನು ಕಂಡಿಲ್ಲ.

ರಾತ್ರಿ ಊಟ ಸೇರಲಿಲ್ಲ. ಅಮ್ಮ ಬಿಡುತ್ತಾಳೆಯೇ. "ಊರೋರ ಮನೆ ಕಾಫಿಯೆಲ್ಲ ಕುಡಿದು ಬಾ, ಮನೆ ಸಾರು ಹ್ಯಾಗೆ ರುಚಿಸತ್ತೆ?"

8 ಏಪ್ರಿಲ್

ಗುಡ್ಡದಕೊಪ್ಪಲಿನ ಶಾಂತಕುಮಾರಿ ಎಂಬಾಕೆಯ ಮನೆಯಲ್ಲಿ ಕಾಫಿ ಲೋಟ ನೋಡಿದೆ. ಹೊಟ್ಟೆಯ ಮೇಲೆ ಹೆಸರು ಕೆತ್ತಿಸಿದ್ದಾರೆ — ನೀಲಗಂಗಮ್ಮ. ಇರಲಿ, ಅತ್ತೆಯ ಹೆಸರಿರಬಹುದು. ಪಕ್ಕದ ಗಂಗಯ್ಯನ ಮನೆ. ಅಲ್ಲೂ ನೀಲಗಂಗಮ್ಮ. ಅಂಚು ಆ ಮನೆಯ ಲೋಟದ ಹಾಗೆಯೇ ಜಜ್ಜಿದೆ, ಲೋಟ ಇನ್ನೂ ಒದ್ದೆ. ಕುರ್ಚಿಯ ಮುರುಕು ಕಾಲಿಗೂ ಆ ಮನೆಯಲ್ಲಿ ಕಂಡ ಅದೇ ತಂತಿಯ ಕಟ್ಟು.

ಹಿತ್ತಿಲಿಗೆ ಇಣುಕಿದೆ. ಗಂಗಯ್ಯನ ಸೊಸೆ ಆ ತಾಮ್ರದ ಕೊಡ ಸೊಂಟಕ್ಕಿಟ್ಟುಕೊಂಡು ಬೇಲಿ ದಾಟಿ ಮುಂದಿನ ಮನೆಗೆ ಓಡುತ್ತಿದ್ದಾಳೆ!

ಜೀಪಿನಲ್ಲಿ ಪರಮೇಶ್ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಹಾಸನ ಬರುವಷ್ಟರಲ್ಲಿ ನಗು ನಿಂತಿತು. ಮನೆಮನೆಗೂ ನೀರಿದೆ ಎಂದು ಬರೆದಿದ್ದೇನೆ, ದಡ್ಡಿ. ಬಾವಿ ಇರುವುದು ಬೈಪಾಸಿಗೆ ಗುರುತು ನೆಟ್ಟ ಕೆಂಪು ಬಾವುಟದ ಗೂಟಗಳ ಆಚೆ. ಅಲ್ಲೇ ಎತ್ತರದ ಏರಿ ಹಾಕಿ ರಸ್ತೆ ಮಾಡುತ್ತಾರೆ. ನನ್ನ ವರದಿಯ ಪ್ರಕಾರ ದಾಟುವವರೇ ಇಲ್ಲ ಎಂದರೆ ದಾರಿ ಯಾರು ಬಿಡುತ್ತಾರೆ?

10 ಏಪ್ರಿಲ್

ಹೇಳದೆ ಕೇಳದೆ ಬೆಳಗಿನ ಬಸ್ಸಿಗೆ ಒಬ್ಬಳೇ ಹೋದೆ. ಹೆಂಗಸರು ಕೊಡ ಹಿಡಿದು ಬಾವಿಗೆ ಹೊರಟಿದ್ದರು. ನನ್ನನ್ನು ಕಂಡು ನೀಲಗಂಗಮ್ಮನ ಮುಖ ಸಣ್ಣಗಾಯಿತು. ಲೋಟದ ಒಡತಿ ಈಕೆಯೇ, ಊರಿಗೆ ಹಿರಿಯಳು.

ಸಿಟ್ಟಿನಿಂದಲೇ ಕೇಳಿದೆ, "ಯಾಕಮ್ಮ ಹೀಗೆ ಮಾಡಿದ್ರಿ?"

"ಬಾಗ್ಲಿಗೆ ಬಂದ ನೆಂಟ್ರ ಮುಂದೆ ಇಲ್ಲ ಅಂತ ಎಂಗವ್ವ ಯೋಳಾದು? ಊರ್ ಮರ್ವಾದೆ ಓಗಾಕಿಲ್ವಾ?"

ಸಿಟ್ಟು ಎಲ್ಲಿ ಹೋಯಿತೋ. "ಹಾಗಾದ್ರೆ ನಾನು ನೆಂಟಳಲ್ಲ. ಊರ ಮಗಳು ಅಂದ್ಕೊಳ್ಳಿ. ಮಗಳ ಹತ್ರ ಹೇಳ್ಬಹುದಲ್ಲ?" ಎಂದು ಅವರ ಕೊಡ ಕಿತ್ತುಕೊಂಡೆ. ಬಾವಿಯಿಂದ ಬರುವಷ್ಟರಲ್ಲಿ ಅರ್ಧ ನೀರು ಕೊಡದಲ್ಲಿ, ಅರ್ಧ ನನ್ನ ಚೂಡಿದಾರದ ಮೇಲೆ. ಎಲ್ಲರೂ ನಕ್ಕರು. ನಕ್ಕ ಮೇಲೆ ಬಾಯಿ ಬಿಟ್ಟರು. ಗಂಗಯ್ಯನ ಒಂದೇ ಸೂರಿನಡಿ ಮೂರು ಸಂಸಾರ. ಸ್ಕೂಲೂ ಗೂಟದಾಚೆ, ನರ್ಸಮ್ಮನೂ ಗೂಟದಾಚೆ. ಎಲ್ಲ ಹೊಸದಾಗಿ ಬರೆದೆ.

24 ಏಪ್ರಿಲ್

ಬೈಪಾಸಿನ ನಕ್ಷೆ ಮಾಡುವ ಬೆಂಗಳೂರಿನ ಎಂಜಿನಿಯರ್ ಗಿರಿಧರ ನನ್ನ ಎರಡೂ ವರದಿ ನೋಡಿ ಫೋನ್ ಮಾಡಿದ್ದರು. "ಮೊದಲು ನೀರಿದೆ ಅಂತೀರಿ, ಆಮೇಲೆ ಇಲ್ಲ ಅಂತೀರಿ. ಯಾವುದನ್ನ ನಂಬಲಿ ಮೇಡಂ? ನಾಳೆ ನಾನೇ ಬಂದು ನೋಡ್ತೀನಿ."

ನ್ಯಾಯವೇ. ಆದರೆ ಇವರು ಮತ್ತೆ ಕುರ್ಚಿ ಹಾಕಿಬಿಟ್ಟರೆ… ಭಯವಾಗುತ್ತಿದೆ.

25 ಏಪ್ರಿಲ್

ಕುರ್ಚಿ ಹಾಕಿದರು. ತಂತಿ ಕಟ್ಟಿದ್ದೇ.

ಗಿರಿಧರ ಕೂತು ಬೆವರೊರೆಸಿಕೊಂಡರು. "ಸ್ವಲ್ಪ ನೀರು ಕೊಡ್ತೀರಾಮ್ಮ?"

ನೀಲಗಂಗಮ್ಮ ಒಳಗೆ ಹೋದವರು ತುಂಬ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಖಾಲಿ ಲೋಟ. ಹೊಸಿಲ ಮೇಲೆ ನಿಂತರು.

"ನೀರಿಲ್ಲ ಸಾ. ಬನ್ನಿ… ಎಲ್ಲೈತೆ ತೋರುಸ್ತೀನಿ."

ನನಗೆ ಅಳು ಬಂತು. ಬಾಗಿಲಿಗೆ ಬಂದವರಿಗೆ ಆ ಹೆಂಗಸು ಜನ್ಮದಲ್ಲಿ ಹಾಗೆ ಹೇಳಿರಲಿಕ್ಕಿಲ್ಲ.

ಗಿರಿಧರ ಆಕೆಯ ಹಿಂದೆಯೇ ನಡೆದರು. ಬಾವುಟದ ಹತ್ತಿರ ನಿಂತು, "ಇಲ್ಲಿ ಏರಿ ಎದ್ದ ಮೇಲೆ ಹೇಗೆ ದಾಟ್ತೀರಿ?"

"ಅದ್ನೇ ನಿಮ್ಮುನ್ನ ಕೇಳಾನ ಅಂತಿದ್ದೆ ಸಾ."

ಬಾವಿಯ ಹತ್ತಿರ ಬೊಗಸೆಯೊಡ್ಡಿ ಕುಡಿದರು. ಅಲ್ಲೇ ಕಟ್ಟೆಯ ಮೇಲೆ ನಕ್ಷೆ ಹರಡಿ ಪೆನ್ಸಿಲಿನಲ್ಲಿ ರಸ್ತೆಗೆ ಅಡ್ಡವಾಗಿ ದಾರಿಯ ಗೆರೆ ಎಳೆದರು. ಮೇಲಿನವರು ಒಪ್ಪಬೇಕು ಎಂದರು.

ಹೊರಡುವಾಗ ನೀಲಗಂಗಮ್ಮ ನನ್ನ ಕಿವಿಯಲ್ಲಿ, "ಒಳಗೆ ಕೊಡದಾಗೆ ಅರ್ಧ ನೀರಿತ್ತು ಕಣವ್ವ. ತೆಂಗಿನ ಬುಡಕ್ಕೆ ಉಯ್ದ್ಬುಟ್ಟು ಬಂದೆ. ಸುಳ್ಳಾಡ್ಬಾರ್ದಲ್ಲ?"

19 ಜೂನ್

ಕಾಲೇಜು ಶುರುವಾಗಿ ದಿನಚರಿ ಮರೆತೇಹೋಗಿತ್ತು. ಇವತ್ತು ಬರೆಯಲೇಬೇಕು. ಹೊಸ ನಕ್ಷೆ ಬಂತು. ಗುಡ್ಡದಕೊಪ್ಪಲಿಗೆ ಅಂಡರ್‌ಪಾಸ್ ಇದೆ, ಎತ್ತಿನಗಾಡಿ ಹೋಗುವಷ್ಟು ಅಗಲ. ಪಾಠ ಮುಗಿದದ್ದೇ ತಡ, ಕಟ್ಟಾಯದ ಬಸ್ಸು ಹತ್ತಿದೆ.

ಸುದ್ದಿ ಕೇಳಿ ನೀಲಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ಕಾಫಿ ತಂದರು. ಕುರ್ಚಿ ಇಲ್ಲ, ಚಾಪೆಯ ಮೇಲೆ ಕೂತೆ. ಲೋಟ ಫಳಫಳ ಹೊಸದು.

"ಇದು ಮನೆಮನೆಗೆ ತಿರುಗಾಕಿಲ್ಲ ಕಣವ್ವ," ಎಂದರು. "ಓಗ್ತಾ ತಗಂಡೋಗು. ಮಗ್ಳುನ್ನ ಬರಿಗೈಲಿ ಕಳಿಸ್ತಾರಾ?"

ಕೈ ಸುಡುತ್ತಿತ್ತು. ಲೋಟ ತಿರುಗಿಸಿದೆ. ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ನನ್ನ ಹೆಸರು ಕೆತ್ತಿಸಿದ್ದರು. ಮೈತ್ರೇಯಿ.